ಕಾವೇರಿಯ ದಂಡೆಗಳೂ ಕರಿಕಾಲನ ಕೀರ್ತಿಯೂ

೧

ಒಂದು ವಿಷಯವನ್ನು ಆಮೂಲಾಗ್ರವಾಗಿ ಪರಿಶೀಲಿಸುವುದನ್ನು ‘ಕೂಲಂಕಷವಾಗಿ ವಿಚಾರಿಸುವುದು’ ಎಂದು ಹೇಳುವ ವಾಡಿಕೆ ಕನ್ನಡದಲ್ಲಿದೆ. ಪಂಡಿತರ ಗೋಷ್ಠಿಯಲ್ಲಿ ಬಳಕೆಗೊಂಡ ಈ ಪದವು ಹುಟ್ಟಿದುದು ಮಾತ್ರ ನದಿಯ ದಡದಲ್ಲಿ. ಕೂಲವೆಂದರೆ ದಡ; ಅದನ್ನು ಕಷಿಸುವುದು, ಎಂದರೆ ಉಜ್ಜಿ ಕೆರೆಯುವುದು, ಕೂಲಂಕಷ. ಪಾಣಿನಿಯು ತನ್ನ ವ್ಯಾಕರಣದ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಸರ್ವ, ಕೂಲ, ಅಭ್ರ, ಕರೀಷ ಎಂಬ ನಾಲ್ಕು ಉಪಪದಗಳನ್ನು ಹೇಳಿ, ಅವುಗಳ ಮುಂದೆ ಬರುವ ಕಷ್ ಧಾತುವಿಗೆ ಖಚ್ ಪ್ರತ್ಯಯವನ್ನು ವಿಧಿಸಿ ಈ ರೂಪವನ್ನು ಸಾಧಿಸಿರುವನು. ಅದೇ ಪಾದದಲ್ಲಿ ಇನ್ನೆರಡು ರೂಪಗಳೂ ಸಿದ್ಧವಾಗುತ್ತವೆ. ದಡವನ್ನು ಒಡೆಯುವುದು ಕೂಲಮುದ್ರುಜ. ದಡವನ್ನು ಎತ್ತಿಕೊಂಡು ಹೋಗುವುದು ಕೂಲಮುದ್ವಹ. ಉಜ್ಜುವುದು, ಒಡೆಯುವುದು, ಹೊತ್ತೊಯ್ಯುವುದು ಎಂಬ ಈ ಮೂರನ್ನು ಒಂದರ ಮುಂದೊಂದಾಗಿ ಇಟ್ಟು ನೋಡಿದರೆ ತೀರಕ್ಷಯದ ಮೂರು ಅವಸ್ಥೆಗಳೂ ಕ್ರಮವಾಗಿ ಕಣ್ಣಿಗೆ ಕಟ್ಟುತ್ತವೆ. ನದಿಯ ಈ ಕಾರ್ಯವು ಪ್ರತ್ಯೇಕ ಶಬ್ದಗಳನ್ನು ಬೇಡುವಷ್ಟು ಲೋಕಪ್ರಸಿದ್ಧವಾಗಿದ್ದಿತೆಂಬುದರಲ್ಲಿ ಸಂಶಯವಿಲ್ಲ.

ಕಾವ್ಯಗಳಲ್ಲಿಯೂ ಇದು ಸುಪರಿಚಿತವಾದ ಸಂಗತಿ. ಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತನು ಶಕುಂತಲೆಯನ್ನು ನಿರಾಕರಿಸುವಾಗ, ದಡವನ್ನು ಕೊರೆದು ತನ್ನ ತಿಳಿನೀರನ್ನು ಕದಡಿಕೊಳ್ಳುವ, ತೀರದ ಮರವನ್ನೂ ಕೆಡಹುವ ಹೊಳೆಗೆ ಅವಳನ್ನು ಹೋಲಿಸುವನು. ಉಪಮೆಯ ಕಾಠಿನ್ಯವನ್ನು ಬದಿಗಿಟ್ಟು ಅದರ ಅಡಿಯಲ್ಲಿರುವ ಅವಲೋಕನವನ್ನು ಗಮನಿಸಬೇಕು. ದಡವು ಕುಸಿದರೆ ಕೆಡುವುದು ದಡವೊಂದೇ ಅಲ್ಲ. ಅದನ್ನು ಕೆಡಹಿದ ನದಿಯೂ ಕೆಡುತ್ತದೆ.

ವೈಯಾಕರಣರೂ ಕವಿಗಳೂ ಸಹಜವೆಂದೆಣಿಸಿದ ಈ ನದೀಸ್ವಭಾವವನ್ನು ತಡೆದು ನಿಲ್ಲಿಸಿದೆವೆಂದು ಹೆಮ್ಮೆಪಟ್ಟ ಅರಸರೂ ಇದ್ದರು. ಅವರಲ್ಲಿ ಕಾವೇರಿಯ ದಂಡೆಗಳನ್ನು ಕಟ್ಟಿದವನೆಂದು ಹೆಸರಾದ ಚೋಳ ಕರಿಕಾಲನು ಅಗ್ರಗಣ್ಯನು. ಕಾವೇರಿಯು ಹುಟ್ಟಿದುದು ಕನ್ನಡನಾಡಿನಲ್ಲಿ. ಕರಿಕಾಲನ ವಂಶದವರೆಂದು ಹೇಳಿಕೊಂಡ ಅರಸುಮನೆತನವೊಂದು ಆಳಿದುದೂ ಕನ್ನಡನಾಡಿನಲ್ಲಿ. ಆದುದರಿಂದ ಈ ಕೀರ್ತಿಗೆ ಇರುವ ಆಧಾರಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿ, ದಂಡೆಯನ್ನು ನಿಜವಾಗಿ ಕಾಪಾಡಿಕೊಂಡು ಬಂದವರು ಯಾರೆಂಬುದನ್ನು ವಿಚಾರಿಸುವುದು ಕನ್ನಡ ವಿದ್ವಾಂಸರಿಗೆ ಅಪ್ರಸ್ತುತವಾಗಲಾರದು.

೨

ಮೊದಲು ನದಿಯ ಸ್ವರೂಪವನ್ನು ತಿಳಿಯಬೇಕು. ಕೊಡಗಿನ ತಲಕಾವೇರಿಯಿಂದ ಹೊರಟ ಈ ನದಿಯು ಶಿವನಸಮುದ್ರದ ಜಲಪಾತಗಳನ್ನೂ ಮೇಕೆದಾಟಿನ ಇಕ್ಕಟ್ಟನ್ನೂ ದಾಟುವವರೆಗೆ ಅನೇಕ ಕಡೆಗಳಲ್ಲಿ ಬಂಡೆಯ ನಡುವೆಯೇ ಹರಿಯುತ್ತದೆ. ಅಲ್ಲಿ ದಂಡೆಯನ್ನು ಕಾಯುವುದು ಬೆಟ್ಟದ ಕಲ್ಲೇ ಹೊರತು ಮನುಷ್ಯನಲ್ಲ. ತಿರುಚಿರಾಪಳ್ಳಿಯ ಪಶ್ಚಿಮಕ್ಕಿರುವ ಮುಕ್ಕೊಂಬಿನ ಬಳಿಯಲ್ಲಿ ನದಿಯ ಸ್ಥಿತಿಯು ಬೇರೆಯಾಗುತ್ತದೆ. ಅಲ್ಲಿ ಅದು ಎರಡು ಕವಲಾಗಿ ಒಡೆಯುತ್ತದೆ. ಉತ್ತರದ ಕವಲಿಗೆ ಕೊಳ್ಳಿಡವೆಂದು ಹೆಸರು. ದಕ್ಷಿಣದ ಕವಲು ಕಾವೇರಿಯೆಂಬ ಹೆಸರನ್ನೇ ಉಳಿಸಿಕೊಂಡಿದೆ. ಇವೆರಡರ ನಡುವಣ ದ್ವೀಪದಲ್ಲಿ ಶ್ರೀರಂಗಕ್ಷೇತ್ರವಿದೆ. ಕೊಳ್ಳಿಡವು ಸಮುದ್ರಕ್ಕೆ ಹೆಚ್ಚು ನೇರವಾಗಿಯೂ ಹೆಚ್ಚು ಇಳಿಜಾರಾಗಿಯೂ ಹರಿಯುವುದರಿಂದ ನೀರು ಸ್ವಭಾವತಃ ಆ ಕಡೆಗೇ ವಾಲುತ್ತದೆ. ದ್ವೀಪದ ಪೂರ್ವದ ತುದಿಯಲ್ಲಿ ಎರಡು ಕವಲುಗಳೂ ಮತ್ತೆ ಸಮೀಪಿಸುತ್ತವೆ. ಅಡ್ಡಿಯಿಲ್ಲದಿದ್ದರೆ ಕಾವೇರಿಯ ನೀರು ಅಲ್ಲಿ ತಗ್ಗಾದ ಕೊಳ್ಳಿಡಕ್ಕೆ ಇಳಿದುಹೋಗುವುದು. ಆ ಅಡ್ಡಿಯೇ ಕಲ್ಲಣೆ. ಅಲ್ಲಿಂದ ಮುಂದೆ ಕಾವೇರಿ, ವೆಣ್ಣಾರು ಮತ್ತು ಅವುಗಳ ಅನೇಕ ಶಾಖೆಗಳು ತಂಜಾವೂರಿನ ಬಯಲನ್ನು ತಣಿಸುತ್ತವೆ.

ಇಂತಹ ಮುಖಜಭೂಮಿಯಲ್ಲಿ ದಂಡೆಗೆ ಇರುವ ಮಹತ್ತ್ವವು ಮೇಲುನಾಡಿನವರಿಗೆ ಸುಲಭವಾಗಿ ಹೊಳೆಯುವಂತಹುದಲ್ಲ. ನೆರೆಯು ದಡವನ್ನು ಮೀರಿ ಹರಿದಾಗ ಅದರ ವೇಗವು ಕುಗ್ಗಿ, ಭಾರವಾದ ಮರಳೂ ಮಣ್ಣೂ ದಡದ ಪಕ್ಕದಲ್ಲಿಯೇ ಮೊದಲು ಬೀಳುತ್ತವೆ. ವರ್ಷ ವರ್ಷವೂ ಹೀಗೆ ನಡೆದು ದಡವು ಏರುತ್ತದೆ. ನದಿಯ ಪಾತ್ರವೂ ಹೂಳಿನಿಂದ ಏರುತ್ತದೆ. ದೂರದ ಗದ್ದೆಗಳು ತಗ್ಗಿನಲ್ಲಿ ಉಳಿಯುತ್ತವೆ. ದಂಡೆಯು ಒಂದು ಕಡೆ ಒಡೆದರೆ ಹೊರಬಿದ್ದ ನೀರಿಗೆ ಹಿಂದಿರುಗುವ ದಾರಿಯೇ ಇರುವುದಿಲ್ಲ. ಊರು ಮುಳುಗುತ್ತದೆ, ಗದ್ದೆಯ ಮೇಲೆ ಮರಳು ಹಾಸುತ್ತದೆ, ಮುಂದಿನ ಕಾಲುವೆಗಳು ಒಣಗುತ್ತವೆ. ನೆರೆಯ ಸಂಕಟವೂ ಬರದ ಸಂಕಟವೂ ಅದೊಂದೇ ಬಿರುಕಿನಿಂದ ಬರುತ್ತವೆ.

ದಂಡೆಯು ಒಡೆಯುವ ಕ್ರಮವೂ ಗಮನಾರ್ಹವಾದುದು. ನದಿಯು ಬಳಸುವ ಕಡೆಯಲ್ಲಿ ಹೊರಮಗ್ಗುಲಿನ ದಡಕ್ಕೆ ನೀರಿನ ಹೊಡೆತವು ಹೆಚ್ಚು. ಒಳಮಗ್ಗುಲಿನಲ್ಲಿ ಮರಳು ನಿಲ್ಲುತ್ತದೆ. ನೀರು ಮೊದಲು ಕೊರೆಯುವುದು ದಂಡೆಯ ಬುಡವನ್ನು. ಬುಡದ ಮರಳಿನ ಪದರವು ಕೊಚ್ಚಿಹೋದ ಮೇಲೆ ಮೇಲಣ ಜೇಡಿಮಣ್ಣು ಕೆಲವು ಕಾಲ ಚಾಚಿಕೊಂಡು ನಿಂತಿದ್ದು ಆಮೇಲೆ ಒಮ್ಮೆಗೇ ಕಳಚಿ ಬೀಳುತ್ತದೆ. ನೆರೆ ಏರುವಾಗ ಹೇಗೋ ಇಳಿಯುವಾಗಲೂ ಅಪಾಯವು ಹಾಗೆಯೇ ಇದೆ. ಏರಿದ ನೀರು ದಂಡೆಯನ್ನು ತೋಯಿಸಿ ಭಾರ ಮಾಡುತ್ತದೆ, ಜೊತೆಗೆ ಹೊರಗಿನಿಂದ ಅದಕ್ಕೆ ಆತುಕೊಂಡೂ ಇರುತ್ತದೆ. ನೀರು ಬೇಗನೆ ಇಳಿದರೆ ಆ ಆಸರೆಯು ತಪ್ಪಿ, ತೊಯ್ದ ಮಣ್ಣು ತನ್ನ ಭಾರದಿಂದಲೇ ಜಾರುತ್ತದೆ. ನೆರೆ ಹೋಯಿತೆಂದು ಜನರು ನಿಶ್ಚಿಂತರಾದ ಹೊತ್ತಿಗೆ ದಂಡೆಯು ಕುಸಿಯುವುದಕ್ಕೆ ಇದೇ ಕಾರಣ.

೩

ಇನ್ನು ಕರಿಕಾಲನ ವಿಷಯ. ಕ್ರಿಸ್ತಶಕ ಎರಡನೆಯ ಶತಮಾನದ ಸುಮಾರಿಗೆ ಇದ್ದವನೆಂದು ವಿದ್ವಾಂಸರು ಸಾಮಾನ್ಯವಾಗಿ ಎಣಿಸುವ ಈ ಅರಸನನ್ನು ಸ್ತುತಿಸುವ ಪ್ರಾಚೀನ ತಮಿಳು ಕೃತಿಗಳಲ್ಲಿ ಪೊರುನರಾಟ್ರುಪ್ಪಡೈ, ಪಟ್ಟಿನಪ್ಪಾಲೈ ಎಂಬಿವೆರಡು ಮುಖ್ಯವಾದುವು. ವೆಣ್ಣಿಯ ಯುದ್ಧದಲ್ಲಿ ಅವನು ಪಡೆದ ಜಯವನ್ನೂ ಕಾವೇರಿಯ ಮುಖದಲ್ಲಿದ್ದ ಪಟ್ಟಣದ ವೈಭವವನ್ನೂ ಅವು ವರ್ಣಿಸುತ್ತವೆ. ಅವನು ಕಾಡನ್ನು ಕಡಿದು ನಾಡುಮಾಡಿದನೆಂದೂ ಕೆರೆಗಳನ್ನು ತೋಡಿಸಿದನೆಂದೂ ಪಟ್ಟಿನಪ್ಪಾಲೈಯಲ್ಲಿದೆ. ಆದರೆ ಕಾವೇರಿಯ ದಂಡೆಯನ್ನು ಕಟ್ಟಿಸಿದ ಮಾತು ಈ ಸಮೀಪಕಾಲದ ಕವಿಗಳಲ್ಲಿ ಇಲ್ಲ. ಕೆರೆಯನ್ನು ಹೇಳಿದವರು ಅದಕ್ಕಿಂತ ಮಹತ್ತಾದ ದಂಡೆಯನ್ನು ಬಿಟ್ಟಿರುವುದು ವಿಚಾರಾರ್ಹವಾದುದು.

ಆ ಮಾತು ಮೊದಲು ಕಾಣಿಸಿಕೊಳ್ಳುವುದು ತಮಿಳುನಾಡಿನ ಹೊರಗೆ. ಕಡಪೆ ಸೀಮೆಯ ಮಾಲೇಪಾಡಿನಲ್ಲಿ ದೊರೆತ ತಾಮ್ರಪಟಗಳು ರೇನಾಡಿನ ತೆಲುಗು ಚೋಡ ಅರಸನಾದ ಪುಣ್ಯಕುಮಾರನವು. ಕಾಲವು ಏಳನೆಯ ಅಥವಾ ಎಂಟನೆಯ ಶತಮಾನ. ಅವುಗಳಲ್ಲಿ ಕರಿಕಾಲನನ್ನು ವಂಶದ ಪೂರ್ವಜನೆಂದು ಹೆಸರಿಸಿ, ಕವೇರಪುತ್ರಿಯು ಎಲ್ಲೆಯನ್ನು ಮೀರುವುದನ್ನು ಶಮನಗೊಳಿಸಿದುದು ಮೊದಲಾದ ಅನೇಕ ಅತಿಶಯಕಾರ್ಯಗಳನ್ನು ಮಾಡಿದವನೆಂದು ಹೊಗಳಿದೆ. ಇಲ್ಲಿಯ ಮಾತನ್ನು ಸೂಕ್ಷ್ಮವಾಗಿ ನೋಡಬೇಕು. ಮೀರುವಿಕೆಯನ್ನು ಅಡಗಿಸಿದನೆಂಬುದಿಷ್ಟೇ ಅಭಿಪ್ರಾಯ. ಹೇಗೆ ಅಡಗಿಸಿದನು, ಯಾರಿಂದ ಮಾಡಿಸಿದನು ಎಂಬುದಕ್ಕೆ ಅಲ್ಲಿ ಸೂಚನೆಯಿಲ್ಲ.

ಎರಡನೆಯ ಮಜಲು ಹನ್ನೊಂದನೆಯ ಶತಮಾನದ್ದು. ರಾಜೇಂದ್ರಚೋಳನ ೬ನೆಯ ಆಳ್ವಿಕೆಯ ವರ್ಷವನ್ನು ಹೇಳುವ ತಿರುವಾಲಂಗಾಡಿನ ತಾಮ್ರಪಟಗಳ ಸಂಸ್ಕೃತಭಾಗದಲ್ಲಿ, ಕರಿಕಾಲನು ಕಾಂಚಿಯನ್ನು ಚಿನ್ನದಿಂದ ನವೀಕರಿಸಿದನೆಂದೂ ಕಾವೇರಿಯ ತಟಗಳನ್ನು ನಿರ್ಮಿಸಿ ಕೀರ್ತಿಯನ್ನು ಪಡೆದನೆಂದೂ ಹೇಳಿದೆ. ಶಮನವು ಇಲ್ಲಿ ನಿರ್ಮಾಣವಾಯಿತು. ಮಾಲೇಪಾಡಿನ ಮತ್ತು ತಿರುವಾಲಂಗಾಡಿನ ಈ ಎರಡು ಶಾಸನಗಳನ್ನೂ ಸಂಪಾದಿಸಿ ಪ್ರಕಟಿಸಿದವರು ಹೆಚ್. ಕೃಷ್ಣಶಾಸ್ತ್ರಿಗಳು. ಒಬ್ಬ ವಿದ್ವಾಂಸರ ಕೈಯಿಂದಲೇ ಬೆಳಕು ಕಂಡ ಇವೆರಡನ್ನೂ ಜೊತೆಯಲ್ಲಿ ಓದಿದರೆ ಮೂರು ನಾಲ್ಕು ಶತಮಾನಗಳಲ್ಲಿ ಒಂದು ಪ್ರಶಸ್ತಿವಾಕ್ಯವು ಹೇಗೆ ಬೆಳೆಯಿತೆಂಬುದು ಸ್ಪಷ್ಟವಾಗುತ್ತದೆ.

ಮೂರನೆಯ ಮಜಲಿನಲ್ಲಿ ಕಥೆಯು ಅದ್ಭುತವಾಗುತ್ತದೆ. ಕುಲೋತ್ತುಂಗನ ಕಾಲದ ಕಲಿಂಗತ್ತುಪ್ಪರಣಿಯಲ್ಲಿ, ತನಗೆ ಎರಗಿದ ಅರಸರಿಂದಲೇ ಕರಿಕಾಲನು ಕಾವೇರಿಯ ದಂಡೆಯನ್ನು ಕಟ್ಟಿಸಿದನೆಂದಿದೆ. ಅನಂತರದ ತೆಲುಗು ಚೋಡರ ಶಾಸನಗಳು ಇದನ್ನು ಒಂದು ದೀರ್ಘಸಮಾಸದಲ್ಲಿ ಹಿಡಿದಿಟ್ಟಿವೆ. ತನ್ನ ಪಾದಕಮಲದಿಂದ ಕಣ್ಣನ್ನು ಕಳೆದುಕೊಂಡ ತ್ರಿಲೋಚನನೇ ಮೊದಲಾದ ಸಕಲ ಭೂಪತಿಗಳಿಂದ ಕಾವೇರಿಯ ತೀರವನ್ನು ಮಾಡಿಸಿದವನು ಎಂಬುದು ಅದರ ತಾತ್ಪರ್ಯ. ವಿಲೋಚನ, ತ್ರಿಲೋಚನ ಎಂಬ ಪದಗಳ ಪ್ರಾಸಕ್ಕೆ ಮನಸೋತ ಪ್ರಶಸ್ತಿಕಾರನಿಗೆ ಮೂರು ಕಣ್ಣಿನ ಪಲ್ಲವನೊಬ್ಬನು ಬೇಕಾಗಿದ್ದನೆಂದು ತೋರುತ್ತದೆ. ಇದನ್ನು ಇತಿಹಾಸವೆಂದೇ ತಿಳಿದು, ತ್ರಿಲೋಚನಪಲ್ಲವನ ಸಮಕಾಲೀನನೆಂಬ ಕಾರಣದಿಂದ ಕರಿಕಾಲನ ಕಾಲವನ್ನು ಬಹಳ ಕೆಳಕ್ಕೆ ತಂದ ವಿದ್ವಾಂಸರೂ ಉಂಟು. ಆದರೆ ಮುಕ್ಕಣ್ಣರಾದ ಮೂಲಪುರುಷರು ದಕ್ಷಿಣಾಪಥದ ವಂಶಕಥೆಗಳಲ್ಲಿ ಅಪೂರ್ವವೇನಲ್ಲ. ಕನ್ನಡನಾಡಿನಲ್ಲಿಯೂ ಕದಂಬರ ಈಚಿನ ಶಾಸನಗಳು ತ್ರಿಲೋಚನ ಕದಂಬನೊಬ್ಬನನ್ನು ವಂಶದ ಮೊದಲಲ್ಲಿ ನಿಲ್ಲಿಸುತ್ತವೆ. ಅಂತಹ ಹೆಸರಿನ ಮೇಲೆ ಕಾಲನಿರ್ಣಯದ ಭಾರವನ್ನು ಹೊರಿಸುವುದು ಯುಕ್ತವಲ್ಲ.

ಈ ಕೀರ್ತಿಯ ಒಂದು ಕವಲು ಕನ್ನಡನಾಡಿಗೂ ಹರಿಯಿತು. ಈಗ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿಗೆ ಸೇರಿದ ನಿಡುಗಲ್ಲಿನಿಂದಲೂ ಹೆಂಜೇರಿನಿಂದಲೂ ಆಳಿದ ಚೋಳ ಮನೆತನದವರು ಕನ್ನಡದಲ್ಲಿ ಶಾಸನಗಳನ್ನು ಹಾಕಿಸಿ, ಒರೆಯೂರಿನ ಅಧೀಶ್ವರರೆಂಬ ಬಿರುದನ್ನು ಧರಿಸಿ, ಕರಿಕಾಲನ ಸಂತತಿಯವರೆಂದು ಹೇಳಿಕೊಂಡರು. ಮಳೆ ಕಡಮೆಯಾದ ಕಲ್ಲುಬೆಟ್ಟಗಳ ಆ ಸೀಮೆಯಲ್ಲಿ ಕಾವೇರಿಯ ನೆರೆಯಾಗಲಿ ದಂಡೆಯಾಗಲಿ ಕಣ್ಣಿಗೆ ಬೀಳುವ ಸಂಭವವಿಲ್ಲ. ಅಷ್ಟು ದೂರದ ಅರಸರೂ ಬಯಸಿ ಪಡೆದುಕೊಳ್ಳುವಷ್ಟು ಆ ಹೆಸರು ಗೌರವಯುತವಾಗಿದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಮೇಲಣ ಪರಿಶೀಲನೆಯಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಕಾಲವು ದೂರವಾದಷ್ಟೂ ಕರಿಕಾಲನ ಕಾರ್ಯವು ದೊಡ್ಡದಾಗುತ್ತ ಬಂದಿದೆಯೆಂಬುದು ಒಂದು. ಈ ಪ್ರಶಸ್ತಿಗಳೆಲ್ಲವೂ ಸ್ತುತಿಸುವುದು ತೀರವನ್ನು, ಎಂದರೆ ದಂಡೆಯನ್ನು. ಅಣೆಯ ಹೆಸರನ್ನು ಅವು ಎತ್ತುವುದಿಲ್ಲವೆಂಬುದು ಇನ್ನೊಂದು. ಈಗ ಲೋಕರೂಢಿಯಲ್ಲಿ ಕರಿಕಾಲನ ಹೆಸರು ಕಲ್ಲಣೆಯೊಡನೆಯೇ ಬೆಸೆದುಕೊಂಡಿರುವುದರಿಂದ ಈ ಎರಡನೆಯ ಅಂಶವನ್ನು ಸ್ವಲ್ಪ ವಿವರಿಸಬೇಕಾಗಿದೆ.

೪

ಅಣೆ ನೀರಿಗೆ ಅಡ್ಡಲಾಗಿ ನಿಲ್ಲುವುದು; ದಂಡೆ ನೀರಿನ ಜೊತೆಯಲ್ಲಿ ಸಾಗುವುದು. ಅಣೆಯನ್ನು ಒಂದು ಸ್ಥಳದಲ್ಲಿ ನಿಂತು ನೋಡಬಹುದು. ದಂಡೆಯನ್ನು ನೋಡಬೇಕಾದರೆ ಹರದಾರಿಗಟ್ಟಲೆ ನಡೆಯಬೇಕು. ಕಣ್ಣಿಗೆ ಒಮ್ಮೆಗೇ ತುಂಬುವ ವಸ್ತುವಿಗೆ ಹೆಸರು ಅಂಟಿಕೊಳ್ಳುವುದು ಸಹಜ. ದಂಡೆಯ ಕೀರ್ತಿಯು ಅಣೆಗೆ ವರ್ಗವಾದುದು ಹೀಗೆಯೇ ಎಂದು ಊಹಿಸಬಹುದು.

ಕಲ್ಲಣೆಯ ಪ್ರಾಚೀನತೆಯನ್ನು ಇದರಿಂದ ಅಲ್ಲಗಳೆದಂತಾಗುವುದಿಲ್ಲ. ಸುಮಾರು ೧೦೮೦ ಅಡಿ ಉದ್ದ, ೪೦ರಿಂದ ೬೦ ಅಡಿ ಅಗಲ, ೧೫ರಿಂದ ೧೮ ಅಡಿ ಎತ್ತರವಿದ್ದ ಹಳೆಯ ಕಟ್ಟಡವು ಹಾವಿನ ನಡೆಯಂತೆ ಬಳುಕಿಕೊಂಡಿದ್ದಿತು. ಕೆತ್ತನೆಯಿಲ್ಲದ ದೊಡ್ಡ ಕಲ್ಲುಗಳನ್ನು ಜೇಡಿಮಣ್ಣಿನಲ್ಲಿ ಕೂರಿಸಿ ಅದನ್ನು ಕಟ್ಟಿದ್ದರು. ಅದರ ಬುಡದಲ್ಲಿ ಬಂಡೆಯಿಲ್ಲ, ಆಳವಾದ ಮರಳಿದೆ. ಅಂತಹ ಮರಳಿನ ಮೇಲೆ ಕಲ್ಲನ್ನು ಹಾಕಿದರೆ ನೀರು ಅದರ ಅಡಿಯನ್ನು ಕೊರೆಯುತ್ತದೆ, ಕಲ್ಲು ಇಳಿಯುತ್ತದೆ. ಅದರ ಮೇಲೆ ಮತ್ತೊಂದನ್ನು ಹಾಕಿದರೆ ಅದೂ ಇಳಿಯುತ್ತದೆ. ಇನ್ನು ಇಳಿಯದೆ ನಿಲ್ಲುವವರೆಗೆ ಹಾಕುತ್ತಲೇ ಇರುವುದು ಪ್ರಾಚೀನರ ಉಪಾಯ. ನದಿಯ ಕೊರೆಯುವ ಶಕ್ತಿಯನ್ನೇ ಅಸ್ತಿಭಾರ ತೋಡುವ ಕೂಲಿಯಾಳನ್ನಾಗಿ ಮಾಡಿಕೊಂಡ ಬುದ್ಧಿವಂತಿಕೆಯಿದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಕೆಲಸಮಾಡಿದ ಸರ್ ಆರ್ಥರ್ ಕಾಟನ್ನನು, ಆಳವರಿಯದ ಮರಳಿನಲ್ಲಿ ತಳಹದಿಯನ್ನು ನಿಲ್ಲಿಸುವ ವಿದ್ಯೆಯನ್ನು ತಾವು ಈ ದೇಶದ ಪೂರ್ವಿಕರಿಂದಲೇ ಕಲಿತೆವೆಂದು ಒಪ್ಪಿಕೊಂಡಿರುವನು. ಗೋದಾವರಿಯ ಧವಳೇಶ್ವರದಲ್ಲಿ ೧೮೪೭ರಲ್ಲಿ ಆರಂಭವಾದ ಅಣೆಕಟ್ಟಿಗೆ ಆ ವಿದ್ಯೆಯೇ ನೆರವಾಯಿತು.

ಅಣೆ ಮತ್ತು ದಂಡೆಗಳ ಸಂಬಂಧವು ಎಷ್ಟು ನಾಜೂಕಾದುದೆಂಬುದಕ್ಕೆ ಆ ಶತಮಾನದ ಅನುಭವವೇ ಸಾಕ್ಷಿ. ೧೮೦೦ರ ಸುಮಾರಿಗೆ ಕಾವೇರಿಯ ಪಾತ್ರವು ಹೂಳಿನಿಂದ ಏರುತ್ತಲೂ ಕೊಳ್ಳಿಡದ ಪಾತ್ರವು ಆಳವಾಗುತ್ತಲೂ ಇದ್ದುದರಿಂದ ತಂಜಾವೂರಿಗೆ ನೀರು ಕಡಮೆಯಾಗತೊಡಗಿತ್ತು. ೧೮೦೪ರಲ್ಲಿ ಕ್ಯಾಪ್ಟನ್ ಕಾಲ್ಡ್‌ವೆಲ್ಲನು ಇದನ್ನು ಪರಿಶೀಲಿಸಿ ಕಲ್ಲಣೆಯನ್ನು ಎತ್ತರಿಸಬೇಕೆಂದು ಸೂಚಿಸಿದನು. ಅದರಂತೆ ಅಣೆಯು ೨೭ ಅಂಗುಲ ಏರಿತು. ಅಣೆಯು ಏರಿದರೆ ಅದರ ಹಿಂದೆ ಹೂಳೂ ಏರುವುದು ಸ್ವಾಭಾವಿಕ. ೧೮೩೦ರಲ್ಲಿ ಕಾಟನ್ನನು ಹೂಳು ಕೊಚ್ಚಿಹೋಗುವಂತೆ ಅಣೆಯಲ್ಲಿ ತೂಬುಗಳನ್ನು ತೆಗೆಯಿಸಿದನು. ೧೮೩೬ರಲ್ಲಿ ಮುಕ್ಕೊಂಬಿನಲ್ಲಿ ಕೊಳ್ಳಿಡಕ್ಕೆ ಅಡ್ಡಲಾಗಿ ಮೇಲಣೆಯು ಸಿದ್ಧವಾಗಿ ಕಾವೇರಿಗೆ ಯಥೇಚ್ಛವಾಗಿ ನೀರು ಬಂದಿತು. ಆದರೆ ಹತ್ತು ವರ್ಷ ತುಂಬುವ ಮೊದಲೇ ಎದುರುಬದಿಯ ಕೇಡು ತಲೆದೋರಿತು. ಹೆಚ್ಚಿದ ನೀರು ಕಾವೇರಿಯ ಮುಖದ ಪಾತ್ರವನ್ನು ತೋಡಿ ತಗ್ಗಿಸತೊಡಗಿತು. ನೆರೆಯ ಭಾರವು ದಕ್ಷಿಣದ ಕವಲಿನ ದಂಡೆಗಳ ಮೇಲೆ ಬಿದ್ದಿತು. ನೀರಿಲ್ಲವೆಂದು ಅಳುತ್ತಿದ್ದ ಕಾವೇರಿಗೇ ನೀರು ಮಿತಿಮೀರದಂತೆ ಅಡ್ಡಗೋಡೆ ಹಾಕಬೇಕಾಯಿತು. ನದಿಯ ಒಂದು ಅಂಗವನ್ನು ತಿದ್ದಿದರೆ ಇನ್ನೊಂದು ಅಂಗವು ಮಿಡಿಯುತ್ತದೆಂಬ ಪಾಠವನ್ನು ಇಂಜಿನಿಯರುಗಳು ಕಲಿತುದು ಇಲ್ಲಿ.

೫

ದಂಡೆಯನ್ನು ಕಾಪಾಡುವ ವಿಧಾನಗಳ ವಿಷಯದಲ್ಲಿ ಸಂಸ್ಕೃತವಾಙ್ಮಯವು ಮೌನವಾಗಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯವು ಅಂತರ್ಜಲವನ್ನು ಕಂಡುಹಿಡಿಯುವ ಕ್ರಮಕ್ಕಾಗಿ ಪ್ರಸಿದ್ಧವಾದುದು. ಅದರ ಕೊನೆಯ ಭಾಗದಲ್ಲಿ ಜಲಾಶಯದ ಏರಿಯ ಲಕ್ಷಣವನ್ನು ಹೇಳಿದೆ. ಪೂರ್ವಪಶ್ಚಿಮವಾಗಿ ನೀಳವಾದ ಕಟ್ಟೆಯು ನೀರನ್ನು ಬಹುಕಾಲ ಹಿಡಿದಿಡುತ್ತದೆ. ಉತ್ತರದಕ್ಷಿಣವಾಗಿದ್ದರೆ ಗಾಳಿಯಿಂದೆದ್ದ ತೆರೆಗಳು ಅದನ್ನು ಒಡೆಯುತ್ತವೆ. ಹಾಗೆ ಕಟ್ಟಲೇಬೇಕಾದರೆ ನೀರು ಬಡಿಯುವ ಕಡೆಯನ್ನು ಗಟ್ಟಿಮರದಿಂದಲಾಗಲಿ ಕಲ್ಲಿನಿಂದಲಾಗಲಿ ಮರೆಮಾಡಬೇಕು. ಮಣ್ಣಿನ ಒಂದೊಂದು ಪದರವನ್ನೂ ಆನೆ ಕುದುರೆಗಳಿಂದ ತುಳಿಯಿಸಿ ಗಟ್ಟಿಮಾಡಬೇಕು. ತೀರದಲ್ಲಿ ಮತ್ತಿ, ಆಲ, ಮಾವು, ಕದಂಬ, ನೇರಿಳೆ, ಬೆತ್ತ ಮೊದಲಾದ ಗಿಡಮರಗಳನ್ನು ಬೆಳೆಸಬೇಕು. ಇದು ಕೆರೆಯನ್ನು ಕುರಿತ ವಿಧಿಯಾದರೂ ಇಲ್ಲಿಯ ಮೂರು ತತ್ತ್ವಗಳು ನದಿಗೂ ಸಲ್ಲುತ್ತವೆ. ನೀರಿನ ಹೊಡೆತಕ್ಕೆ ಕಠಿನವಾದ ಹೊದಿಕೆಯನ್ನು ಎದುರು ಕೊಡುವುದು, ಮಣ್ಣನ್ನು ಪದರಪದರವಾಗಿ ತುಳಿದು ಸಡಿಲು ಕಳೆಯುವುದು, ಬೇರಿನಿಂದ ಮಣ್ಣನ್ನು ಹೊಲಿಯುವುದು ಎಂಬ ಈ ಮೂರನ್ನು ಇಂದಿನ ಶಾಸ್ತ್ರವೂ ಬಿಟ್ಟಿಲ್ಲ.

ಈ ಸಸ್ಯಗಳಲ್ಲಿ ಬೆತ್ತವು, ಎಂದರೆ ವೇತಸವು, ವಿಶೇಷವಾಗಿ ಗಮನಿಸತಕ್ಕುದು. ಮಹಾಭಾರತದ ಶಾಂತಿಪರ್ವದಲ್ಲಿ ಸಮುದ್ರನು ನದಿಗಳನ್ನು ಒಂದು ಪ್ರಶ್ನೆ ಕೇಳುವನು: ಬೇರುಸಹಿತವಾದ ಮಹಾವೃಕ್ಷಗಳನ್ನು ಹೊತ್ತುತರುವಿರಿ, ಅಲ್ಪವಾದ ಬೆತ್ತವನ್ನು ಮಾತ್ರ ಏಕೆ ತರುವುದಿಲ್ಲ? ಬೆತ್ತವು ವೇಗ ಬಂದಾಗ ಬಾಗುತ್ತದೆ, ಹೋದಾಗ ಏಳುತ್ತದೆ, ಆದುದರಿಂದ ಸ್ಥಾನದಿಂದ ಕದಲದು ಎಂದು ಗಂಗೆಯ ಉತ್ತರ. ರಘುವಂಶದ ನಾಲ್ಕನೆಯ ಸರ್ಗದಲ್ಲಿ ಸುಹ್ಮದೇಶದವರು ರಘುವಿನ ಮುಂದೆ ಬಾಗಿ ಬದುಕಿಕೊಂಡುದನ್ನು ಕಾಳಿದಾಸನು ಇದೇ ಬೆತ್ತದ ವೃತ್ತಿಯಿಂದ ವರ್ಣಿಸಿರುವನು. ರಾಜನೀತಿಗೆ ದೃಷ್ಟಾಂತವಾದ ಈ ಸಂವಾದವು ದಂಡೆಯ ಶಾಸ್ತ್ರವಾಗಿಯೂ ನಿರ್ದುಷ್ಟವಾಗಿದೆ. ನೀರಿನ ಅಂಚಿನಲ್ಲಿ ಬಾಗುವ ಹುಲ್ಲೂ ಬೆತ್ತವೂ ನೆರೆಯ ಕಾಲದಲ್ಲಿ ಮಣ್ಣಿನ ಮೇಲೆ ಒರಗಿ ಹೊದಿಕೆಯಾಗುತ್ತವೆ. ಅಂಚಿನಲ್ಲೇ ನಿಂತ ಹೆಮ್ಮರವಾದರೋ ಬುಡ ಸಡಿಲವಾದೊಡನೆ ತನ್ನ ಭಾರದಿಂದಲೇ ದಂಡೆಯನ್ನು ಕಿತ್ತುಕೊಂಡು ಬೀಳುತ್ತದೆ. ಹೊಳೆಯ ದಡದ ಮರವು ಬೇಗ ನಾಶವಾಗುವುದೆಂದು ನೀತಿಕಾರರು ಎಚ್ಚರಿಸಿದುದೂ ಇದನ್ನು ಕಂಡೇ. ಕಾವೇರಿಯ ಬಯಲಿನ ರೈತರು ನೀರಿಗೂ ಏರಿಗೂ ನಡುವಣ ಪಡುಗೈ ಎಂಬ ಭೂಮಿಯಲ್ಲಿ ಬಿದಿರನ್ನೂ ನಾಣಲ್ ಎಂಬ ಜೊಂಡನ್ನೂ ಬೆಳೆಯಿಸಿಕೊಂಡು ಬಂದುದು ಈ ಅನುಭವದ ಫಲವೇ ಆಗಿದೆ.

೬

ಕಲ್ಲೂ ಮಣ್ಣೂ ಬೇರೂ ಇದ್ದರೆ ಸಾಲದು, ಕೈಗಳು ಬೇಕು. ಕರಿಕಾಲನ ಪ್ರಶಸ್ತಿಗಳಲ್ಲಿ ಮಣ್ಣು ಹೊತ್ತವರು ಸೋತ ಅರಸರು. ಸಮುದ್ರದಾಚೆಯ ಸಿಂಹಳದ ರಾಜಾವಲಿಯದಲ್ಲಿ ಇದೇ ಕೆಲಸದ ಇನ್ನೊಂದು ಚಿತ್ರವಿದೆ. ಚೋಳರಾಜನು ಲಂಕೆಯಿಂದ ೧೨,೦೦೦ ಮಂದಿಯನ್ನು ಸೆರೆಹಿಡಿದು ತಂದು ಕಾವೇರಿಯ ಕೆಲಸಕ್ಕೆ ಹಚ್ಚಿದನು. ಆಮೇಲೆ ಪಟ್ಟಕ್ಕೆ ಬಂದ ಗಜಬಾಹುವು ಒಂದು ರಾತ್ರಿ ನಗರಸಂಚಾರ ಮಾಡುತ್ತಿರಲು, ಮಕ್ಕಳನ್ನು ಹೀಗೆ ಕಳೆದುಕೊಂಡ ವಿಧವೆಯೊ‍ಬ್ಬಳ ಅಳುವನ್ನು ಕೇಳಿ, ಚೋಳದೇಶಕ್ಕೆ ದಂಡೆತ್ತಿಹೋಗಿ ಅವರನ್ನು ಬಿಡಿಸಿಕೊಂಡು ಬಂದನು. ಈ ಗ್ರಂಥವು ಬಹಳ ಈಚಿನದು. ಹಳೆಯ ಮಹಾವಂಶವು ಗಜಬಾಹುವಿನ ಪ್ರಸಂಗದಲ್ಲಿ ಈ ದಂಡಯಾತ್ರೆಯನ್ನು ಹೇಳುವುದಿಲ್ಲ. ಆದುದರಿಂದ ಇದನ್ನು ಚರಿತ್ರೆಯೆಂದು ಸ್ವೀಕರಿಸುವಂತಿಲ್ಲ. ಆದರೂ ಒಂದೇ ಐತಿಹ್ಯವು ಒಂದು ದಡದಲ್ಲಿ ಅರಸನ ಬಿರುದಾಗಿಯೂ ಇನ್ನೊಂದು ದಡದಲ್ಲಿ ತಾಯಿಯ ಅಳುವಾಗಿಯೂ ಉಳಿದಿರುವುದು ಚಿಂತನೀಯವಾಗಿದೆ. ಮುಕುಟವರ್ಧನರು ಮಂಕರಿ ಹೊತ್ತರೆಂಬುದನ್ನು ನಂಬುವುದಕ್ಕಿಂತ, ಸಾವಿರಾರು ಮಂದಿ ಹೆಸರಿಲ್ಲದವರು ಹೊತ್ತರೆಂಬುದನ್ನು ನಂಬುವುದು ಸುಲಭ.

ದಂಡೆಯ ಕೆಲಸವನ್ನು ಎಲ್ಲರಿಗೂ ಹಂಚುವ ಧರ್ಮವು ಹಳೆಯದು. ೧೯೦೯ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ, ಊರವರು ಕೂಡಿ ಸೇತುವನ್ನು ಕಟ್ಟುವಾಗ ತಾನು ಬಾರದವನು ತನ್ನ ಆಳುಗಳನ್ನೂ ಎತ್ತುಗಳನ್ನೂ ಕಳುಹಿಸಬೇಕೆಂದೂ ವೆಚ್ಚದಲ್ಲಿ ಪಾಲು ಕೊಡಬೇಕೆಂದೂ ಫಲದಲ್ಲಿ ಅವನಿಗೆ ಭಾಗವಿಲ್ಲವೆಂದೂ ವಿಧಿಸಿದೆ. ಮಳೆಗಾಲದಲ್ಲಿ ಹೊಳೆಯ ದಡದ ಊರಿನವರು ನೆರೆಯ ಎಲ್ಲೆಯನ್ನು ಬಿಟ್ಟು ದೂರವಿರಬೇಕು, ಹಲಗೆ ಬಿದಿರು ದೋಣಿಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಕೊಚ್ಚಿಹೋಗುತ್ತಿರುವವನನ್ನು ಕಂಡೂ ನೆರವಿಗೆ ಹೋಗದವನಿಗೆ, ಅವನು ದೋಣಿಯಿಲ್ಲದವನಾಗಿದ್ದ ಹೊರತು, ೧೨ ಪಣ ದಂಡ.

ತಮಿಳುನಾಡಿನಲ್ಲಿ ಈ ಧರ್ಮವು ಕುಡಿಮರಾಮತ್ತು ಎಂಬ ಹೆಸರಿನಿಂದ ಹತ್ತೊಂಬತ್ತನೆಯ ಶತಮಾನದವರೆಗೂ ಬಳಕೆಯಲ್ಲಿದ್ದಿತು. ಊರಿನ ಕಾಲುವೆ, ಕೆರೆ, ದಂಡೆಗಳ ಸಣ್ಣ ಕೆಲಸಗಳನ್ನು ಪ್ರಜೆಗಳೇ ಕೂಡಿ ಮಾಡಿಕೊಳ್ಳುವ ಕಟ್ಟಳೆಯಿದು. ಕಂಪೆನಿಯ ಆಡಳಿತದಲ್ಲಿ ಅದು ಸಡಿಲವಾದ ಮೇಲೆ ೧೮೫೮ರ ಮೊದಲನೆಯ ಕಾಯಿದೆಯು ಮದ್ರಾಸು ಆಧಿಪತ್ಯಕ್ಕಾಗಿ ಹೊರಟಿತು. ನದಿಯ ಅಥವಾ ಕೆರೆಯ ಏರಿಯು ಒಡೆಯುವ ಭಯವು ಸನ್ನಿಹಿತವಾದಾಗ ಗ್ರಾಮದ ಮುಖ್ಯಸ್ಥರ ಮೂಲಕ ದುಡಿಯುವ ವರ್ಗದ ದೃಢಕಾಯರಾದ ಗಂಡಸರನ್ನು ಬಲವಂತವಾಗಿ ಕೆಲಸಕ್ಕೆ ಕರೆಯಬಹುದೆಂದೂ ಮರ, ಬಿದಿರು, ಸೊಪ್ಪು, ಹುಲ್ಲುಗಳನ್ನು ತೆಗೆದುಕೊಳ್ಳಬಹುದೆಂದೂ ಅದಕ್ಕೆ ಕೂಲಿ ಬೆಲೆಗಳನ್ನು ಸಲ್ಲಿಸಬೇಕೆಂದೂ ಅದು ಗೊತ್ತುಮಾಡಿತು. ವಾಡಿಕೆಯ ದುಡಿಮೆಗೆ ತಪ್ಪಿಸಿಕೊಂಡವನು ಆ ದುಡಿಮೆಯ ಬೆಲೆಯ ಎರಡರಷ್ಟನ್ನು ತೆರಬೇಕಾಗಿದ್ದಿತು. ಶಾಸನಗಳ ಅಲಂಕಾರವನ್ನು ಕಳೆದರೆ ಕರಿಕಾಲನ ಪ್ರಶಸ್ತಿಯಲ್ಲಿ ಉಳಿಯುವ ಅರ್ಥವೂ ಈ ಕಾಯಿದೆಯ ಅರ್ಥವೂ ಹತ್ತಿರಹತ್ತಿರವೇ: ನೆರೆ ಬಂದಾಗ ದಂಡೆಗೆ ಜನರು ಬೇಕು, ತಾವಾಗಿ ಬಾರದಿದ್ದರೆ ಬರಮಾಡಬೇಕು. ಆದರೆ ಕರೆ ಬಂದುದು ದುಡಿಯುವ ವರ್ಗಕ್ಕೆ. ದಂಡೆಯಿಂದ ಉಳಿದ ಗದ್ದೆಗಳಲ್ಲಿ ಬಹುಪಾಲು ಬೇರೆಯವರವು. ಕೌಟಿಲ್ಯನು ಫಲವನ್ನೂ ಹೊರೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟಿದ್ದನು. ಈಚೆಗೆ ಆ ತಕ್ಕಡಿಯು ವಾಲಿತೆಂದು ಹೇಳಬೇಕಾಗುತ್ತದೆ.

೭

ಕಟ್ಟಿದ ಮೇಲೆ ಕಾಯದೆ ನಿಲ್ಲುವ ದಂಡೆಯಿಲ್ಲವೆಂಬುದನ್ನು ನದಿಯು ಆಗಾಗ ನೆನಪಿಗೆ ತಂದುಕೊಟ್ಟಿದೆ. ೧೯೨೪ರ ಜುಲೈ ತಿಂಗಳ ಮಹಾಪ್ರವಾಹದ ಕಾಲದಲ್ಲಿ ಮೈಸೂರಿನ ಕೃಷ್ಣರಾಜಸಾಗರವು ಇನ್ನೂ ಪೂರ್ತಿಯಾಗಿರಲಿಲ್ಲ. ಮೆಟ್ಟೂರಿನ ಅಣೆಕಟ್ಟು ಸಿದ್ಧವಾದುದು ೧೯೩೪ರಲ್ಲಿ. ಈ ಜಲಾಶಯಗಳು ಬಂದಮೇಲೆ ನೆರೆಯ ಕಾಟವು ಅಪರೂಪವಾಯಿತು. ಆದರೆ ಅಪರೂಪವಾದ ಶತ್ರುವಿನ ವಿಷಯದಲ್ಲಿ ಕಾವಲು ಸಡಿಲವಾಗುವುದು ಲೋಕಸ್ವಭಾವ. ಅಲ್ಲದೆ ಜಲಾಶಯಗಳು ಹೂಳನ್ನು ತಮ್ಮಲ್ಲಿಯೇ ಹಿಡಿದಿಡುತ್ತವೆ. ಹೊರೆಯಿಲ್ಲದೆ ಇಳಿದುಬಂದ ತಿಳಿನೀರು ತನ್ನ ಹೊರೆಯನ್ನು ಕೆಳಗಿನ ಪಾತ್ರದಿಂದಲೂ ದಡದಿಂದಲೂ ತುಂಬಿಕೊಳ್ಳುತ್ತದೆ. ಇದರ ಮೇಲೆ ಪಾತ್ರದ ಮರಳನ್ನು ಮನುಷ್ಯರೂ ತೆಗೆದು ಸಾಗಿಸಿದರೆ ಪಾತ್ರವು ತಗ್ಗಿ, ದಂಡೆಯ ಬುಡವು ಬರಿದಾಗಿ, ಕಟ್ಟಡಗಳ ತಳಹದಿಯು ಹೊರಬೀಳುತ್ತದೆ. ೨೦೧೮ರ ಆಗಸ್ಟ್ ೨೨ರಂದು, ಬಹುಕಾಲದ ಮೇಲೆ ಬಂದ ದೊಡ್ಡ ನೆರೆಯಲ್ಲಿ, ಮುಕ್ಕೊಂಬಿನ ಮೇಲಣೆಯ ಒಂಬತ್ತು ಕಂಡಿಗಳು ಕುಸಿದು ಕೊಚ್ಚಿಹೋದುವು. ೧೮೩೬ರಿಂದ ನಿಂತಿದ್ದ ಸ್ಥಳದಲ್ಲಿ ಹೊಸ ಕಟ್ಟಡವನ್ನು ಕಟ್ಟಬೇಕಾಯಿತು.

ಹೀಗೆ ನೋಡಿದರೆ ಮಾಲೇಪಾಡಿನ ಪ್ರಶಸ್ತಿಕಾರನು ಬಳಸಿದ ಅತ್ಯಂತ ಹಳೆಯ ಮಾತೇ ಅತ್ಯಂತ ಸತ್ಯಕ್ಕೆ ಸಮೀಪವಾದುದೆಂದು ತೋರುತ್ತದೆ. ಕಾವೇರಿಯನ್ನು ಕಟ್ಟಿಹಾಕಿದನೆಂದು ಅವನು ಹೇಳಲಿಲ್ಲ. ಅವಳ ಮೀರುವಿಕೆಯನ್ನು ಶಮನಗೊಳಿಸಿದನೆಂದು ಹೇಳಿದನು. ಬಂಧನವು ಒಮ್ಮೆ ಮಾಡಿ ಮುಗಿಸುವ ಕ್ರಿಯೆ. ಶಮನವು ಹಾಗಲ್ಲ, ರೋಗಶಮನದಂತೆ, ಕೋಪಶಮನದಂತೆ, ಅದು ಮತ್ತೆ ಮತ್ತೆ ಮಾಡಬೇಕಾದುದು. ಕೂಲಂಕಷವಾಗುವುದು ನದಿಯ ನಿತ್ಯಧರ್ಮವಾದರೆ ಕೂಲವನ್ನು ಕಾಯುವುದು ಅದರ ದಡದಲ್ಲಿ ಬಾಳುವವರ ನಿತ್ಯಕರ್ಮ. ಕರಿಕಾಲನ ಹೆಸರು ಶಾಸನಗಳಲ್ಲಿ ಉಳಿದಿದೆ, ಅದು ಉಳಿಯತಕ್ಕುದೇ. ಆದರೆ ಪ್ರತಿ ಮಳೆಗಾಲದ ಮುಂಚೆ ಮಣ್ಣು ಹೊತ್ತು, ಜೊಂಡು ನೆಟ್ಟು, ರಾತ್ರಿ ದೀವಟಿಗೆ ಹಿಡಿದು ದಂಡೆಯ ಮೇಲೆ ನಡೆದವರ ಹೆಸರನ್ನು ಯಾವ ತಾಮ್ರಪಟವೂ ಹೊತ್ತಿಲ್ಲ. ಅವರ ಶಾಸನವು ತಂಜಾವೂರಿನ ಗದ್ದೆಗಳೇ ಆಗಿವೆ.